ಚಂದ್ರಂಪಳ್ಳಿ ಜಲಾಶಯದ ಬಳಿ ಟೆಂಟು, ಕ್ಯಾಂಪರ್ ವ್ಯಾನು: ತಂಗುವವರಿಗೊಂದು ಕೈಪಿಡಿ

ಕಲಬುರಗಿ ಜಿಲ್ಲೆಯೆಂದರೆ ಕಣ್ಣು ಹಾಯುವಷ್ಟು ದೂರ ತೊಗರಿ ಹೊಲ, ಕಪ್ಪು ಎರೆ ನೆಲ, ನೆತ್ತಿ ಸುಡುವ ಬಿಸಿಲು ಎಂದಷ್ಟೇ ತಿಳಿದವರಿಗೆ ಚಿಂಚೋಳಿ ತಾಲ್ಲೂಕಿನ ಕೊಂಚಾವರಂ ಗುಡ್ಡಗಳನ್ನು ಕಂಡಾಗ ಅಚ್ಚರಿಯಾಗುತ್ತದೆ. ಆ ಗುಡ್ಡಗಳ ನಡುವೆ, ಸರನಾಲಾ ಎಂಬ ಹಳ್ಳಕ್ಕೆ ಮಣ್ಣಿನ ಒಡ್ಡು ಹಾಕಿ ನೀರಾವರಿಗೆಂದು ಕಟ್ಟಿದ ಚಂದ್ರಂಪಳ್ಳಿ ಜಲಾಶಯವಿದೆ. ಸುತ್ತಲಿನ ಎಲೆ ಉದುರುವ ಒಣ ಕಾಡು 2011ರಲ್ಲಿ ಚಿಂಚೋಳಿ ವನ್ಯಜೀವಿಧಾಮವೆಂದು ಘೋಷಣೆಯಾಯಿತು. ಅದರ ವಿಸ್ತೀರ್ಣ ಸುಮಾರು 135 ಚದರ ಕಿ.ಮೀ. ಗುಡ್ಡ, ಕಾಡು, ನೀರು ಮೂರೂ ಒಂದೇ ಕಡೆ ಸಿಗುವ ಜಾಗ ನಮ್ಮ ಭಾಗದಲ್ಲಿ ಅಪರೂಪವಾದ್ದರಿಂದ ಟೆಂಟು ಹೊತ್ತು, ಇಲ್ಲವೇ ಮಲಗಲು ಅಡುಗೆ ಮಾಡಲು ಅನುಕೂಲ ಮಾಡಿಕೊಂಡ ವ್ಯಾನಿನಲ್ಲಿ ಇಂಥಲ್ಲಿಗೆ ಹೊರಡಬೇಕೆನ್ನುವ ಆಸೆ ಸಹಜವೇ. ಆದರೆ ಮಲೆನಾಡಿನ ಅಥವಾ ಹಿಮಾಲಯದ ಶಿಬಿರಗಳಿಗೆಂದು ಬರೆದ ಸಲಹೆಗಳು ಈ ಒಣನಾಡಿಗೆ ಪೂರ್ತಿ ಒಗ್ಗುವುದಿಲ್ಲ. ಇಲ್ಲಿ ತಂಗುವುದು ಸುಖವಾಗುತ್ತದೋ ಫಜೀತಿಯಾಗುತ್ತದೋ ಎಂಬುದನ್ನು ತೀರ್ಮಾನಿಸುವವು ಎರಡೇ ಸಂಗತಿಗಳು: ಕಾಲ ಕೆಳಗಿನ ಮಣ್ಣು ಮತ್ತು ಕಣ್ಣೆದುರಿನ ನೀರು.

ಅದಕ್ಕೂ ಮೊದಲು ಅನುಮತಿಯ ಮಾತು. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಪ್ರಕಾರ ವನ್ಯಜೀವಿಧಾಮದೊಳಗೆ ಪ್ರವಾಸಕ್ಕೆಂದು ಹೋಗುವವರಿಗೆ ಅರಣ್ಯ ಇಲಾಖೆಯ ಪರವಾನಗಿ ಬೇಕು. ಕಾಡಿಗೆ ಅಪಾಯವಾಗುವಂತೆ ಬೆಂಕಿ ಹಚ್ಚುವುದು ಅಪರಾಧ. ಆದ್ದರಿಂದ ಕಂಡ ಕಡೆ ಟೆಂಟು ಹೊಡೆಯುವ ಆಲೋಚನೆಯನ್ನು ಮನೆಯಲ್ಲೇ ಬಿಟ್ಟು, ಇಲಾಖೆ ಗೊತ್ತುಮಾಡಿದ ಸ್ಥಳದಲ್ಲಿ ಮಾತ್ರ ತಂಗಬೇಕು. ಹೊರಡುವ ಮೊದಲು ವಿಚಾರಿಸುವಾಗ ಸ್ವಂತ ಟೆಂಟಿಗೆ ಅವಕಾಶವಿದೆಯೇ, ವಾಹನ ಎಲ್ಲಿಯವರೆಗೆ ಹೋಗಬಹುದು, ರಾತ್ರಿ ವಾಹನದೊಳಗೆ ಮಲಗಬಹುದೇ, ಶೌಚಾಲಯ ಮತ್ತು ಕುಡಿಯುವ ನೀರು ಎಷ್ಟು ದೂರ ಎಂಬ ನಾಲ್ಕು ಪ್ರಶ್ನೆಗಳಿಗೆ ಸ್ಪಷ್ಟ ಉತ್ತರ ಪಡೆಯಿರಿ. ಟೆಂಟಿಗೆ ಸಿಕ್ಕ ಒಪ್ಪಿಗೆ ವ್ಯಾನಿಗೂ ಅನ್ವಯಿಸುತ್ತದೆಂದು ಊಹಿಸಬಾರದು. ವ್ಯಾನಿಗೆ ಅವಕಾಶ ಸಿಗದಿದ್ದರೆ ಅದನ್ನು ಹೊರಗೆ, ಹೇಳಿ ಕೇಳಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಟೆಂಟಿನ ಸಾಮಾನಷ್ಟನ್ನೇ ಒಳಗೆ ಒಯ್ಯುವುದು ಮೇಲು. ಕಾಡಿನೊಳಗೆ ಮೊಬೈಲ್ ನೆಟ್‌ವರ್ಕ್ ಎಲ್ಲ ಕಡೆ ಸಿಗುತ್ತದೆಂದು ನಂಬುವಂತಿಲ್ಲವಾದ್ದರಿಂದ ಪರವಾನಗಿಯ ಮುದ್ರಿತ ಪ್ರತಿಯೊಂದು ಕೈಯಲ್ಲಿರಲಿ. ಕಲಬುರಗಿಯಿಂದ ಚಿಂಚೋಳಿ ಸುಮಾರು 85 ಕಿ.ಮೀ.; ಡೀಸೆಲ್, ಔಷಧಿ, ತರಕಾರಿ ಎಲ್ಲವನ್ನೂ ಅಲ್ಲಿಯೇ ತುಂಬಿಕೊಂಡು ಮುಂದೆ ಹೋಗಬೇಕು.

ಅಕ್ಟೋಬರ್ ಕೊನೆಯಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಮಳೆಗಾಲದ ನೀರು ಜಲಾಶಯದಲ್ಲಿ ನಿಂತಿರುತ್ತದೆ, ಕಾಡಿನಲ್ಲಿ ಎಲೆ ಇನ್ನೂ ಉಳಿದಿರುತ್ತದೆ, ರಾತ್ರಿಗೆ ಹಿತವಾದ ಚಳಿ ಇರುತ್ತದೆ. ಮಾರ್ಚ್ ನಂತರ ಎಲೆಯೆಲ್ಲ ಉದುರಿ ಕಾಡು ಒಣಗಿ ನಿಂತಿರುವಾಗ ಒಂದು ಕಿಡಿ ಸಾಕು. ಏಪ್ರಿಲ್, ಮೇ ತಿಂಗಳಲ್ಲಿ ಹಗಲಿನ ಬಿಸಿಲು 40 ಡಿಗ್ರಿ ದಾಟುವುದು ನಮ್ಮಲ್ಲಿ ವಾಡಿಕೆ, ಆ ಕಾವಿನಲ್ಲಿ ಟೆಂಟಿನೊಳಗಾಗಲಿ ತಗಡಿನ ವ್ಯಾನಿನೊಳಗಾಗಲಿ ಮಕ್ಕಳು ಮುದುಕರನ್ನು ಮಲಗಿಸುವುದು ಸರಿಯಲ್ಲ.

ಈಗ ಮಣ್ಣಿನ ವಿಷಯ. ಬೀದರ್‌ನಿಂದ ಚಿಂಚೋಳಿಯವರೆಗೆ ಎತ್ತರದ ನೆಲದಲ್ಲಿ ಕೆಂಪು ಜಂಬಿಟ್ಟಿಗೆ ಕಾಣುತ್ತದೆ, ತಗ್ಗಿನಲ್ಲಿ ಎರೆ ಮಣ್ಣು. ಎರೆ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಹಿಂಗಾರಿನ ಒಂದು ಅಡ್ಡಮಳೆ ಬಂದರೂ ಅದು ಟೈರಿಗೆ ಮೆತ್ತಿಕೊಂಡು, ಮಡ್‌ಗಾರ್ಡಿನ ಸಂದಿಯನ್ನೆಲ್ಲ ತುಂಬಿ, ಚಕ್ರ ತಿರುಗಿದರೂ ಗಾಡಿ ಮುಂದೆ ಹೋಗದಂತೆ ಮಾಡುತ್ತದೆ. ಎರಡರಿಂದ ಮೂರು ಟನ್ ತೂಗುವ ವ್ಯಾನನ್ನು ಅಲ್ಲಿಂದ ಎಳೆಯಲು ಟ್ರ್ಯಾಕ್ಟರೇ ಬೇಕು. ಬಿಸಿಲಿನಲ್ಲಿ ಇದೇ ಮಣ್ಣು ಗಟ್ಟಿ ಕಂಡರೂ ಅದರ ಬಿರುಕಿನಲ್ಲಿ ಟೆಂಟಿನ ಗೂಟ ನಿಲ್ಲುವುದಿಲ್ಲ, ಚೇಳು ಹಾವುಗಳಿಗೆ ಆ ಬಿರುಕೇ ಮನೆ. ಜಂಬಿಟ್ಟಿಗೆಯ ಅಥವಾ ಗರಸಿನ ನೆಲವಾದರೆ ನೀರು ಬೇಗ ಇಂಗುತ್ತದೆ, ಚಕ್ರಕ್ಕೆ ಹಿಡಿತ ಸಿಗುತ್ತದೆ. ಆದರೆ ಟೆಂಟಿನ ಜೊತೆ ಬರುವ ತೆಳು ಅಲ್ಯುಮಿನಿಯಂ ಗೂಟಗಳು ಆ ನೆಲಕ್ಕೆ ಬಾಗಿಹೋಗುತ್ತವೆ. ಕಟ್ಟಡದ ಸಾಮಾನಿನ ಅಂಗಡಿಯಲ್ಲಿ ಹತ್ತು ಮಿಲಿಮೀಟರ್ ದಪ್ಪದ ಕಬ್ಬಿಣದ ಸರಳನ್ನು ಒಂದೊಂದು ಅಡಿಗೆ ಕತ್ತರಿಸಿ, ಒಂದು ತುದಿಯನ್ನು ಬಾಗಿಸಿ ಕೊಡಲು ಹೇಳಿದರೆ ಅಗ್ಗದಲ್ಲಿ ಭದ್ರವಾದ ಗೂಟಗಳು ಸಿದ್ಧವಾಗುತ್ತವೆ. ಜೊತೆಗೊಂದು ಸುತ್ತಿಗೆ ಇರಲಿ. ಕಲ್ಲಿನಿಂದ ಹೊಡೆಯಲು ಹೋಗಿ ಬೆರಳು ಜಜ್ಜಿಸಿಕೊಳ್ಳುವುದು ಬೇಡ.

ಜಲಾಶಯದ ಅಂಚಿನ ಮಣ್ಣು ಇನ್ನೂ ಮೋಸದ್ದು. ನೀರು ಇಳಿದಂತೆ ದಡದಲ್ಲಿ ಹೂಳಿನ ಬಯಲು ತೆರೆದುಕೊಳ್ಳುತ್ತದೆ. ಮೇಲಿನ ಪದರ ಬಿಸಿಲಿಗೆ ಒಣಗಿ ಚಪ್ಪಡಿಯಂತೆ ಕಾಣುತ್ತದೆ, ಅಂಗೈ ಅಗಲದ ಹೆಕ್ಕಳಿಕೆಗಳು ಎದ್ದಿರುತ್ತವೆ, ಅದರ ಅಡಿಯಲ್ಲಿ ಮಾತ್ರ ಮೊಣಕಾಲು ಹೂತುಹೋಗುವಷ್ಟು ಮೆತ್ತನೆಯ ಕೆಸರು. ಕೋಲನ್ನು ಊರಿ ನೋಡದೆ ಅಲ್ಲಿಗೆ ಕಾಲಿಡಬಾರದು, ವ್ಯಾನನ್ನಂತೂ ಇಳಿಸಲೇಬಾರದು. ದನಕರುಗಳ ಹೆಜ್ಜೆ ಎಷ್ಟು ಆಳ ಇಳಿದಿದೆಯೆಂದು ನೋಡಿದರೆ ನೆಲದ ಗಟ್ಟಿತನ ಗೊತ್ತಾಗುತ್ತದೆ.

ನೀರಿನ ದಡದಿಂದ ಕನಿಷ್ಠ 60 ಮೀಟರ್, ಸಾಧ್ಯವಾದರೆ ಅದಕ್ಕೂ ಹೆಚ್ಚು ದೂರದಲ್ಲಿ, ತುಸು ಏರಿನ ಮೇಲೆ ಬಿಡಾರ ಹೂಡಬೇಕೆನ್ನುವುದಕ್ಕೆ ಹಲವು ಕಾರಣಗಳಿವೆ. ರಾತ್ರಿ ತಣ್ಣನೆಯ ಗಾಳಿ ಭಾರವಾಗಿ ಗುಡ್ಡದಿಂದ ಇಳಿದು ತಗ್ಗಿನಲ್ಲಿ ಸೇರುತ್ತದೆ. ನೀರಿನ ಪಕ್ಕದ ತೇವವೂ ಕೂಡಿದಾಗ ಬೆಳಗಿನ ಹೊತ್ತಿಗೆ ಟೆಂಟಿನ ಒಳಮೈ ಹನಿಹನಿಯಾಗಿ ಒದ್ದೆಯಾಗುತ್ತದೆ. ಹತ್ತಿಪ್ಪತ್ತು ಅಡಿ ಮೇಲೆ ಹೋದರೂ ಚಳಿ ಇಬ್ಬನಿ ಎರಡೂ ಕಡಿಮೆ. ಸೊಳ್ಳೆಯೂ ಅಷ್ಟೇ. ಆದರೆ ಎಲ್ಲಕ್ಕಿಂತ ದೊಡ್ಡ ಕಾರಣ ಬೇರೆ. ಮಲೆನಾಡಿನಲ್ಲಿ ಪ್ರಾಣಿಗೆ ಒಂದು ಹಳ್ಳ ತಪ್ಪಿದರೆ ಇನ್ನೊಂದು ಹಳ್ಳವಿರುತ್ತದೆ. ಇಲ್ಲಿ ಚಳಿಗಾಲ ಕಳೆಯುತ್ತಿದ್ದಂತೆ ಸಣ್ಣಪುಟ್ಟ ನಾಲೆಗಳೆಲ್ಲ ಬತ್ತಿ, ಸುತ್ತಲಿನ ಕಾಡಿಗೆ ಈ ಜಲಾಶಯವೇ ಆಸರೆಯಾಗುತ್ತದೆ. ತೋಳ, ಕತ್ತೆಕಿರುಬ, ನರಿ, ಕೊಂಡುಕುರಿ ಇರುವ ಕಾಡಿದು. ಅವು ನೀರಿಗೆ ಇಳಿಯುವುದು ಮುಸ್ಸಂಜೆಯಿಂದ ಮುಂಜಾವದವರೆಗೆ, ಅಂದರೆ ನಾವು ದೀಪ ಹಚ್ಚಿ, ಹಾಡು ಹಾಕಿ ಕೂರುವ ಹೊತ್ತಿಗೇ. ದಡದಲ್ಲೇ ಟೆಂಟು ಹೊಡೆದು ಕೂತರೆ ಅವು ಬಾಯಾರಿಕೊಂಡೇ ಹಿಂತಿರುಗುತ್ತವೆ. ಹಾಗಾಗಿ ಸೂರ್ಯ ಮುಳುಗಿದ ಮೇಲೆ ದಡಕ್ಕೆ ಇಳಿಯದಿರುವುದು, ಸ್ಪೀಕರ್ ಹಾಕದಿರುವುದು, ಜಲಾಶಯದತ್ತ ಬೆಳಕು ಬಿಡದಿರುವುದು ಪ್ರತಿಯೊಬ್ಬರೂ ತಪ್ಪದೆ ಪಾಲಿಸಬೇಕಾದ ನಡತೆಯೆಂದು ನಾನು ಬಲವಾಗಿ ನಂಬಿದ್ದೇನೆ. ಮಣ್ಣಿನಲ್ಲಿ ಪ್ರಾಣಿಗಳ ಹೆಜ್ಜೆಗುರುತು ಸಾಲಾಗಿ ಕಂಡರೆ ಅದು ಅವುಗಳ ದಾರಿ. ಅಲ್ಲಿಂದ ಇನ್ನಷ್ಟು ದೂರ ಸರಿಯಿರಿ. ಈಜು ಬೇಡವೇ ಬೇಡ. ಜಲಾಶಯದ ತಳದಲ್ಲಿ ಹಳೆಯ ಮರದ ಬೊಡ್ಡೆ, ಹೂಳು, ಹಠಾತ್ತನೆ ಆಳವಾಗುವ ಹಳ್ಳದ ಪಾತ್ರ ಎಲ್ಲ ಇರುತ್ತವೆ. ಯಾದಗಿರಿ ಕಡೆಯ ಕೃಷ್ಣಾ ನದಿಯ ದಡಕ್ಕೆ ಹೋಗುವವರು ಅಲ್ಲಿ ಮೊಸಳೆಗಳಿವೆ ಎಂಬುದನ್ನೂ ಮರೆಯಬಾರದು.

ಟೆಂಟನ್ನು ಹಗಲು ಬೆಳಕಿನಲ್ಲಿಯೇ ಹಾಕಿ ಮುಗಿಸಬೇಕು. ಒಣಗಿದ ಕೊಂಬೆಗಳಿರುವ ಮರದ ಕೆಳಗೆ, ಮಳೆನೀರು ಹರಿದ ಗೆರೆ ಕಾಣುವ ಇಳಿಜಾರಿನಲ್ಲಿ, ಹುತ್ತದ ಸಮೀಪ ಜಾಗ ಆರಿಸಬೇಡಿ. ಚಳಿಗಾಲದಲ್ಲಿ ಗಾಳಿ ಹೆಚ್ಚಾಗಿ ಮೂಡಣದಿಂದ, ಈಶಾನ್ಯದಿಂದ ಬೀಸುವುದರಿಂದ ಟೆಂಟಿನ ಬಾಗಿಲನ್ನು ಆ ದಿಕ್ಕಿಗೆ ನೇರವಾಗಿ ಇಡದೆ ಆಗ್ನೇಯಕ್ಕೆ ತಿರುಗಿಸಿದರೆ ಗಾಳಿಯೂ ತಪ್ಪುತ್ತದೆ, ಎಳೆಬಿಸಿಲೂ ಸಿಗುತ್ತದೆ. ಗೂಟದ ತಲೆ ಟೆಂಟಿನಿಂದ ಆಚೆಗೆ ಬಾಗಿರಬೇಕು, ಹಗ್ಗಕ್ಕೂ ಗೂಟಕ್ಕೂ ನಡುವಿನ ಕೋನ ಲಂಬಕ್ಕೆ ಹತ್ತಿರವಿರಬೇಕು. ಆಗ ಎಳೆತ ಬಿದ್ದಷ್ಟೂ ಅದು ಬಿಗಿಯಾಗುತ್ತದೆ. ಅಡಿಗೆ ಹಾಸುವ ತಾಡಪತ್ರಿ ಟೆಂಟಿನ ತಳಕ್ಕಿಂತ ತುಸು ಚಿಕ್ಕದಿರಲಿ. ಹೊರಗೆ ಚಾಚಿದರೆ ಮಳೆ ಇಬ್ಬನಿಯ ನೀರೆಲ್ಲ ಅದರ ಮೇಲೆ ಬಿದ್ದು ತಳಕ್ಕೆ ಸೇರುತ್ತದೆ. ಚಳಿಯೆಂದು ಗಾಳಿಕಿಂಡಿಗಳನ್ನು ಮುಚ್ಚಬೇಡಿ. ನಮ್ಮ ಉಸಿರಿನ ತೇವ ಹೊರಹೋಗದಿದ್ದರೆ ಹಾಸಿಗೆಯೇ ಒದ್ದೆಯಾಗುತ್ತದೆ.

ವ್ಯಾನಿನಲ್ಲಿ ಬರುವವರು ಮೊದಲು ಗಾಡಿಯನ್ನು ಸಮತಟ್ಟು ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿಟ್ಟು, ಚಕ್ರಗಳಿಗೆ ಮರದ ತುಂಡುಗಳ ಅಡೆ ಕೊಡಬೇಕು. ಮರುದಿನ ಹಿಂದಕ್ಕೆ ತೆಗೆಯದೆ ನೇರವಾಗಿ ಹೊರಡುವಂತೆ ಮುಖವನ್ನು ದಾರಿಯ ಕಡೆಗೇ ಇಟ್ಟುಕೊಳ್ಳುವುದು ಜಾಣತನ. ವಿದ್ಯುತ್ ಸಂಪರ್ಕ ಸಿಗುವುದಿಲ್ಲವೆಂದೇ ಎಣಿಸಿ ಲೆಕ್ಕ ಹಾಕಿ: 12 ವೋಲ್ಟಿನ 100 ಆಂಪಿಯರ್ ಅವರ್ ಬ್ಯಾಟರಿಯಲ್ಲಿ 1200 ವ್ಯಾಟ್ ಅವರ್ ಇರುತ್ತದೆ, ಅದು ಲೆಡ್ ಆಸಿಡ್ ಮಾದರಿಯದಾದರೆ ಅರ್ಧಕ್ಕಿಂತ ಹೆಚ್ಚು ಬಳಸಬಾರದು. ಉಳಿಯುವ 600ರಲ್ಲಿ 20 ವ್ಯಾಟಿನ ಫ್ಯಾನು ಎಂಟು ತಾಸು ತಿರುಗಿದರೆ 160, ಎರಡು ಸಣ್ಣ ಎಲ್‌ಇಡಿ ದೀಪ ನಾಲ್ಕು ತಾಸಿಗೆ 40, ಎರಡು ಮೊಬೈಲಿಗೆ 30 ಹೋಗುತ್ತದೆ. ಅದರ ಮೇಲೆ ಫ್ರಿಜ್ಜನ್ನೂ ಓಡಿಸಿದರೆ ಒಂದು ರಾತ್ರಿ ಕಳೆಯುವುದೇ ಹೆಚ್ಚು. ಜನರೇಟರ್ ಸದ್ದು ಕಾಡಿಗೆ ಸಲ್ಲದು. ಚಾವಣಿಯ ಮೇಲೊಂದು ಸೋಲಾರ್ ಫಲಕವಿದ್ದರೆ ನಮ್ಮ ಬಿಸಿಲು ಅದಕ್ಕೆಂದೂ ಕೊರತೆ ಮಾಡುವುದಿಲ್ಲ. ಪಾತ್ರೆ ತೊಳೆದ ನೀರನ್ನು ಟ್ಯಾಂಕಿನಲ್ಲಿಯೇ ಹಿಡಿದಿಡಬೇಕು. ಶೌಚದ ಟ್ಯಾಂಕನ್ನು ಮನೆಗೆ ಮರಳಿದ ಮೇಲೆ ಶೌಚಾಲಯದಲ್ಲಿಯೇ ಖಾಲಿ ಮಾಡಬೇಕೇ ಹೊರತು ಹಳ್ಳದಲ್ಲಿ, ಹೊಲದ ಬದುವಿನಲ್ಲಿ ಅಲ್ಲ. ಟೆಂಟಿನವರಿಗೆ ಶೌಚಾಲಯ ಸಿಗದಿದ್ದರೆ ನೀರಿನಿಂದ 60 ಮೀಟರ್ ಆಚೆ ಅರ್ಧ ಅಡಿಗಿಂತ ಆಳದ ಗುಂಡಿ ತೋಡಿ ಮುಚ್ಚಬೇಕು.

ಕುಡಿಯಲು, ಅಡುಗೆಗೆ, ಕೈಕಾಲಿಗೆ ಸೇರಿ ತಲೆಗೆ ದಿನಕ್ಕೆ ಹತ್ತು ಲೀಟರ್ ನೀರನ್ನು ಊರಿನಿಂದಲೇ ಒಯ್ಯಿರಿ. ಜಲಾಶಯದ ನೀರನ್ನೇ ಬಳಸಬೇಕಾಗಿ ಬಂದರೆ ಬಟ್ಟೆಯಲ್ಲಿ ಸೋಸಿ, ತಿಳಿಯಾಗಲು ಬಿಟ್ಟು, ಕೊತಕೊತನೆ ಕುದಿ ಬಂದ ಮೇಲೆ ಕನಿಷ್ಠ ಒಂದು ನಿಮಿಷ ಕುದಿಸಬೇಕು. ಕುದಿಸಿದರೆ ಕ್ರಿಮಿಗಳು ಸಾಯುತ್ತವೆ, ಆದರೆ ಕೊಳವೆಬಾವಿಯ ಫ್ಲೋರೈಡ್ ಹೋಗುವುದಿಲ್ಲ. ದಾರಿಯಲ್ಲಿ ಸಿಕ್ಕ ಬೋರಿನ ನೀರನ್ನು ಕ್ಯಾನಿಗೆ ತುಂಬುವ ಮೊದಲು ಇದು ನೆನಪಿರಲಿ.

ಊಟದ ವಿಷಯದಲ್ಲಿ ನಮ್ಮವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಎಳ್ಳ ಅಮಾವಾಸ್ಯೆಗೆ ಬುಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭಜ್ಜಿ, ಸಜ್ಜಿ ಕಡಬು, ಶೇಂಗಾ ಹಿಂಡಿ ಉಂಡು ಬರುವ ಮನೆಗಳಲ್ಲಿ ಒಲೆ ಹೊತ್ತಿಸದೆ ಹೊಟ್ಟೆ ತುಂಬಿಸುವ ವಿದ್ಯೆ ಮೊದಲೇ ಇದೆ. ಖಡಕ್ ಜೋಳದ ರೊಟ್ಟಿ, ಅಗಸಿ ಹಿಂಡಿ, ಉಳ್ಳಾಗಡ್ಡಿ ಜೊತೆಗಿದ್ದರೆ ಎರಡು ಮೂರು ದಿನ ಕೆಡುವ ಭಯವಿಲ್ಲ. ಮೊಸರನ್ನು ಮಾತ್ರ ಮೊದಲ ದಿನವೇ ಮುಗಿಸಿ. ಕಟ್ಟಿಗೆಯ ಬೆಂಕಿ ಪೂರ್ತಿ ಬೇಡ. ಚಹಾ, ಅನ್ನಕ್ಕೆ ಸಣ್ಣ ಗ್ಯಾಸ್ ಒಲೆ ಸಾಕು, ಅದನ್ನೂ ಬಯಲಿನಲ್ಲಿ, ಒಣ ಹುಲ್ಲು ಸವರಿದ ನೆಲದ ಮೇಲೆ ಹಚ್ಚಬೇಕು. ಚಳಿಯೆಂದು ಇದ್ದಿಲ ಶಿಗಡಿಯನ್ನು ಟೆಂಟಿನೊಳಗೋ ವ್ಯಾನಿನೊಳಗೋ ಇಟ್ಟು ಮಲಗುವುದು ಪ್ರಾಣಕ್ಕೇ ಕುತ್ತು: ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಚಳಿಗೆ ಕೌದಿ ಒಯ್ಯಿರಿ, ಒಂದನ್ನು ಮೈಮೇಲೆ ಹೊದ್ದರೆ ಇನ್ನೊಂದನ್ನು ಅಡಿಗೆ ಹಾಸಿಕೊಳ್ಳಿ. ಚಳಿ ಹೆಚ್ಚು ಏರುವುದು ನೆಲದಿಂದಲೇ.

ಹಾವಿನ ಭಯ ನಿಜವಾದದ್ದೇ, ಅದಕ್ಕೆ ತಕ್ಕ ಶಿಸ್ತು ಬೇಕು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ಬಗ್ಗೆ ಹೆಚ್ಚು ಎಚ್ಚರವಿರಲಿ. ಕಟ್ಟುಹಾವು ರಾತ್ರಿ ಸಂಚರಿಸುವಂಥದ್ದು, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ಕಚ್ಚಿದ ಜಾಗದಲ್ಲಿ ನೋವು ಬಾವು ಹೆಚ್ಚಾಗಿ ಕಾಣುವುದೇ ಇಲ್ಲ. ಆದ್ದರಿಂದ ಟೆಂಟಿನ ಜಿಪ್ಪನ್ನು ಒಳಗಿದ್ದರೂ ಹೊರಗಿದ್ದರೂ ಕೊನೆಯವರೆಗೆ ಎಳೆದಿರಬೇಕು. ಬೆಳಗ್ಗೆ ಬೂಟು ಕೊಡವಿ ಹಾಕಿಕೊಳ್ಳಿ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಕೂಡದು. ಕೈಯನ್ನೋ ಕಾಲನ್ನೋ ಅಲುಗಿಸದಂತೆ ಇಟ್ಟು 108ಕ್ಕೆ ಕರೆ ಮಾಡಿ, ನೆಟ್‌ವರ್ಕ್ ಇಲ್ಲದಿದ್ದರೆ ತಡಮಾಡದೆ ಚಿಂಚೋಳಿಯ ಆಸ್ಪತ್ರೆಯತ್ತ ಹೊರಡಿ. ಈ ನಾಲ್ಕೂ ಹಾವುಗಳ ವಿಷಕ್ಕೆ ಒಂದೇ ಪ್ರತಿವಿಷ ಕೆಲಸ ಮಾಡುವುದರಿಂದ ಹಾವನ್ನು ಹಿಡಿಯಲು ಹೋಗುವ ಅಗತ್ಯವಿಲ್ಲ. ಬಂಡೆಯ ಚಾಚಿನಲ್ಲಿ, ಅಣೆಕಟ್ಟೆಯ ಕಟ್ಟಡದಲ್ಲಿ ಹೆಜ್ಜೇನಿನ ಹುಟ್ಟಿ ಕಂಡರೆ ಅದರ ಕೆಳಗಾಗಲಿ ಗಾಳಿಯ ಮೇಲ್ಗಡೆಯಾಗಲಿ ಒಲೆ ಹಚ್ಚಬಾರದು, ಹೊಗೆ ತಾಗಿದರೆ ಅವು ಕೆರಳುತ್ತವೆ.

ಹೊರಡುವ ದಿನ ಅವಸರ ಬೇಡ. ಗೂಟ ಕಿತ್ತ ತೂತುಗಳನ್ನು ಮುಚ್ಚಿ, ಬಿದ್ದ ಅನ್ನದ ಅಗುಳು, ಬಾಳೆಹಣ್ಣಿನ ಸಿಪ್ಪೆಯನ್ನೂ ಚೀಲಕ್ಕೆ ತುಂಬಿಸಿ. ಅವು ಕೊಳೆಯುತ್ತವೆಂದು ಬಿಟ್ಟರೆ ಮಂಗಗಳು ರುಚಿ ಕಂಡು ಮುಂದೆ ಬರುವವರ ಟೆಂಟು ಹರಿಯಲು ಕಲಿಯುತ್ತವೆ. ಇಬ್ಬನಿಗೆ ನೆನೆದ ಟೆಂಟನ್ನು ಎಳೆಬಿಸಿಲಿನಲ್ಲಿ ಒಂದು ತಾಸು ಒಣಗಿಸಿ ಮಡಿಚಿ. ಹಾಗೆ ಆಗದಿದ್ದರೆ ಮನೆ ಮುಟ್ಟಿದ ದಿನವೇ ಮಾಳಿಗೆಯ ಮೇಲೆ ಹರವಿ, ಕೆಂಪು ಮಣ್ಣನ್ನು ಒದ್ದೆ ಬಟ್ಟೆಯಿಂದ ಒರೆಸಿ, ಹೊಲಿಗೆಗಳು ಪೂರ್ತಿ ಒಣಗಿದ ಮೇಲೆ ಚೀಲಕ್ಕೆ ಸೇರಿಸಿ. ತೇವ ಉಳಿದರೆ ಬೂಸ್ಟು ಹಿಡಿದು ನೀರು ತಡೆಯುವ ಲೇಪ ಸುಲಿದುಹೋಗುತ್ತದೆ.