ಉಪ್ಪಿನ ಶಾಖ ಕೊಡೋದು ಹಾಗಲ್ಲ ಕಣ್ರೇ

ಮೊನ್ನೆ ನಮ್ಮ ತಂಗಿ ಸೊಸೆ ಬೆಂಗಳೂರಿಂದ ಫೋನ್ ಮಾಡಿ "ದೊಡ್ಡತ್ತೆ, ನೀವು ಹೇಳಿದ ಹಾಗೆ ಮಂಡಿಗೆ ಉಪ್ಪಿನ ಶಾಖ ಕೊಟ್ಟೆ, ಬೊಬ್ಬೆ ಎದ್ದಿದೆ, ಇದೆಲ್ಲ ಈಗ ವರ್ಕ್ ಆಗಲ್ಲ ಬಿಡಿ" ಅಂದ್ಲು. ನಾನು ಯಾವಾಗಮ್ಮಾ ಹಾಗೆ ಹೇಳ್ದೆ ಅಂತ ಮೊದ್ಲಿಂದ ಕೇಳ್ತಾ ಹೋದ್ರೆ ಒಂದೊಂದೇ ಹೊರಗೆ ಬಂತು. ಮೊದಲು ಮಂಡಿಗೆ ಬಾಮ್ ಗಸಗಸ ತಿಕ್ಕಿದಾಳೆ. ಆಮೇಲೆ ನಾನ್‌ಸ್ಟಿಕ್ ಪ್ಯಾನಲ್ಲಿ ಪ್ಯಾಕೆಟ್ಟಿನ ಪುಡಿ ಉಪ್ಪು ಹುರಿದು ಹಳೇ ದುಪಟ್ಟಾದಲ್ಲಿ ಕಟ್ಟಿದಾಳೆ, ದುಪಟ್ಟಾ ನೋಡಿದ್ರೆ ಪಾಲಿಯೆಸ್ಟರ್, ಅದು ಬಿಸಿಗೆ ಮುದುಡಿ ಅಂಟಂಟಾಗಿ ತೂತು ಬಿದ್ದು ಸುಡೋ ಉಪ್ಪೆಲ್ಲ ಕಾಲ ಮೇಲೆ. ಸಾಲದು ಅಂತ ಅದರ ಮೇಲೆ ಟೂತ್‌ಪೇಸ್ಟ್ ಬೇರೆ ಬಳ್ಕೊಂಡಿದಾಳೆ! ಸುಟ್ಟ ಗಾಯಕ್ಕೆ ಟೂತ್‌ಪೇಸ್ಟೂ ಬೇಡ, ತುಪ್ಪಾನೂ ಬೇಡ, ನಲ್ಲಿ ಬಿಟ್ಟು ತಣ್ಣೀರಿನ ಕೆಳಗೆ 20 ನಿಮಿಷ ಹಿಡೀಬೇಕು ಅಷ್ಟೇ. ಎರಡು ನಿಮಿಷ ಹಿಡಿದು ಸಾಕು ಅನ್ನೋರೇ ಎಲ್ಲ.

ಬಾಮ್ ಹಚ್ಚಿದ ಜಾಗಕ್ಕೆ ಶಾಖ ಕೊಡಬಾರ್ದು ಅನ್ನೋದು ಯಾಕೆ ಯಾರಿಗೂ ಗೊತ್ತಿಲ್ವೋ. ಬಾಮ್ ಇದ್ರೆ ಚರ್ಮ ಮೊದಲೇ ಉರೀತಿರತ್ತೆ, ಶಾಖ ಎಷ್ಟು ಬಿಸಿ ಅಂತ ತಿಳಿಯಲ್ಲ, ತಿಳಿಯೋ ಹೊತ್ತಿಗೆ ಸುಟ್ಟಿರತ್ತೆ. ಬಿಸಿನೀರಿನ ಬ್ಯಾಗಿಗೂ ಇದೇ ಮಾತು, ಕರೆಂಟಿನ ಹೀಟಿಂಗ್ ಪ್ಯಾಡಿಗೂ ಇದೇ. ಒಂದೋ ಬಾಮ್, ಇಲ್ಲಾ ಶಾಖ.

ಸರಿ, ಈಗ ನೆಟ್ಟಗೆ ಹೇಳ್ತೀನಿ ಕೇಳಿ. ನಾನು ಇದನ್ನ ಕಲ್ತಿದ್ದು ಕುಮಟಾದಲ್ಲಿ. ನಮ್ಮನೆಯವ್ರಿಗೆ ಬ್ಯಾಂಕ್ ಕೆಲಸ, ಮೂರು ವರ್ಷಕ್ಕೊಂದು ಊರು, ಕುಮಟಾದಲ್ಲಿದ್ದಾಗ ಪಕ್ಕದ ಮನೆ ಅಜ್ಜಿ ಗೋಕರ್ಣದ ಹತ್ರದ ಸಾಣಿಕಟ್ಟಾ ಉಪ್ಪನ್ನ ಭರಣಿ ತುಂಬ ಇಟ್ಕೊಂಡಿರೋರು, ದಪ್ಪ ಹರಳು, ಪ್ಯಾಕೆಟ್ ಉಪ್ಪಿನಷ್ಟು ಬೆಳ್ಳಗೂ ಇರಲ್ಲ. ಸಮುದ್ರದ ನೀರನ್ನ ಗದ್ದೆಗೆ ಬಿಟ್ಟು ಬಿಸಿಲಲ್ಲಿ ಒಣಗಿಸಿ ತೆಗೆಯೋ ಉಪ್ಪು ಅದು. ನಿಮಗೆ ಅದೇ ಸಿಗಬೇಕು ಅಂತಿಲ್ಲ, ಯಾವ ಕಲ್ಲುಪ್ಪಾದ್ರೂ ಆಗತ್ತೆ, ಪುಡಿ ಉಪ್ಪು ಮಾತ್ರ ಬೇಡ, ಬಟ್ಟೆ ಎಳೆ ಸಂದಿಂದ ಸೋರಿ ಮೈಯೆಲ್ಲ ನವೆ.

ಒಂದು ಗಂಟಿಗೆ ಎರಡು ದೊಡ್ಡ ಹಿಡಿ ಬೇಕು. ಗಂಟು ಎರಡು ಮಾಡ್ಬೇಕು, ಒಂದಲ್ಲ. ಕಬ್ಬಿಣದ ಬಾಣಲೆ ಒಂದು ತೊಟ್ಟೂ ನೀರಿಲ್ಲದ ಹಾಗೆ ಒರೆಸಿ ಸಣ್ಣ ಉರಿ ಮೇಲಿಟ್ಟು ಉಪ್ಪು ಹಾಕಿ. ಸ್ವಲ್ಪ ಹೊತ್ತು ಏನೂ ಆಗಲ್ಲ, ಆಮೇಲೆ ಸಾಸಿವೆ ಥರ ಚಟಚಟ ಶುರು ಮಾಡತ್ತೆ, ಹರಳೊಳಗೆ ಸಿಕ್ಕಿಕೊಂಡಿರೋ ನೀರು ಕಾದು ಒಡೆಯೋದು ಅದು, ಆಗ ಬಗ್ಗಿ ನೋಡೋಕೆ ಹೋಗ್ಬೇಡಿ, ಕಣ್ಣಿಗೆ ಸಿಡಿಯತ್ತೆ, ತಟ್ಟೆ ಮುಚ್ಚಿ. ಸಿಡಿಯೋದು ಇಳೀತಾ ಬಂತು ಅಂದ್ರೆ ಒಂದೆರಡು ಸಲ ಸೌಟಾಡಿಸಿ ಒಲೆ ಆರಿಸಿ. ತಕ್ಷಣ ಕಟ್ಬೇಡಿ! ಫಿಲ್ಟರಲ್ಲಿ ಒಂದು ಲೋಟ ಡಿಕಾಕ್ಷನ್ ಇಳಿಯೋವಷ್ಟು ಹೊತ್ತು ಹಾಗೇ ಬಿಡಿ.

ಬಟ್ಟೆ ಅಂದ್ರೆ ಹಳೇ ಪಂಚೆ. ಹೊಸ ಕಾಟನ್ ಅಲ್ಲ, ಗಂಜಿ ಹಾಕಿದ್ದಂತೂ ಅಲ್ಲವೇ ಅಲ್ಲ, ಒಗೆದೂ ಒಗೆದೂ ಮಗುವಿನ ಕೆನ್ನೆ ಥರ ಮೆತ್ತಗಾಗಿರೋ ಪಂಚೆ ಅಥವಾ ಕಾಟನ್ ಸೀರೆ, ಒಂದು ಮೊಳ ಚೌಕ, ಎರಡು ಮಡಿಕೆ. ನಡುವೆ ಉಪ್ಪು ಸುರಿದು ನಾಲ್ಕು ಮೂಲೆ ಎತ್ತಿ, ಕತ್ತು ತಿರುಚಿ, ಅದೇ ಪಂಚೆ ಅಂಚಿನ ದಾರದಲ್ಲಿ ಕಟ್ಟಿ, ರಬ್ಬರ್ ಬ್ಯಾಂಡ್ ಹಾಕೋ ಜಾಣತನ ಬೇಡ. ಬಿಗಿಯಾಗಿ ಕಟ್ಬೇಡಿ, ಒಳಗೆ ಉಪ್ಪು ಅಲ್ಲಾಡ್ಬೇಕು, ಆಗ ಮಾತ್ರ ಗಂಟು ಮಂಡಿ ಮೇಲಿಟ್ರೆ ಕಲಸಿದ ಹಿಟ್ಟಿನ ಥರ ಹರಡಿ ಕೂತ್ಕೊಳತ್ತೆ, ಬಿಗಿಯಾಗಿ ಕಟ್ಟಿದ್ರೆ ಕ್ರಿಕೆಟ್ ಬಾಲು. ಮೊದಲು ನಿಮ್ಮ ಮುಂಗೈ ಒಳಭಾಗಕ್ಕೆ ಇಟ್ಟು ನಿಧಾನಕ್ಕೆ ಹತ್ತು ಎಣಿಸಿ. ಎಣಿಸೋಕೆ ಆಗದೆ ಕೈ ಎಳ್ಕೊಂಡ್ರಿ ಅಂದ್ರೆ ಇನ್ನೂ ಕಾಯ್ಬೇಕು. ಮೊದಲೆರಡು ನಿಮಿಷ ಮುಟ್ಟಿ ಎತ್ತಿ, ಮುಟ್ಟಿ ಎತ್ತಿ, ಬಿಸಿ ಇಳಿದ ಮೇಲೆ ಹಾಗೇ ಇಡಿ. ಮಂಡಿ ಚಿಪ್ಪಿನ ಮೇಲೆ ಬೇಡ, ಅಲ್ಲಿ ಬರೀ ಮೂಳೆ, ಅದರ ಎರಡೂ ಪಕ್ಕ ಮತ್ತೆ ತೊಡೆ ಕೆಳಭಾಗಕ್ಕೆ ಕೊಡಿ. ಒಂದು ಆರೋ ಹೊತ್ತಿಗೆ ಇನ್ನೊಂದು ತಯಾರಿರಬೇಕು. ಕೆಲವ್ರು ಗಂಟನ್ನೇ ತವಾ ಮೇಲೆ ಒತ್ತಿ ಕಾಯಿಸ್ತಾರೆ, ಬಟ್ಟೆ ಸೀದು ವಾಸನೆ ಬರತ್ತೆ, ನಾನಂತೂ ಬಿಚ್ಚಿ ಉಪ್ಪನ್ನ ಬಾಣಲೆಗೇ ಸುರಿಯೋದು. ನಮ್ಮನೆಯವ್ರು "ಉಪ್ಪಿಗೂ ಇಷ್ಟು ಮಡಿ ಮಾಡ್ತೀಯಲ್ಲೇ" ಅಂತ ನಗೋರು, ಸೊಂಟ ಹಿಡ್ಕೊಂಡ ದಿನ ಮಾತ್ರ ಮಾತಿಲ್ಲದೆ ಬೋರಲು ಮಲಗೋರು. ಒಟ್ಟು ಕಾಲು ಗಂಟೆ ಸಾಕು, ಮತ್ತೆ ಫ್ಯಾನ್ ಹಾಕ್ಕೊಂಡು ಕೂತ್ಕೋಬೇಡಿ.

ಆ ಉಪ್ಪನ್ನ ನಾಲ್ಕೈದು ಸಲ ಬಳಸ್ಬಹುದು, ಅಡುಗೆಗೆ ಮಾತ್ರ ಬೇಡ. ಕೊನೆಗೆ ಹುಣಸೆಹಣ್ಣಿನ ಜೊತೆ ಸೇರಿಸಿ ತಾಮ್ರದ ಚೊಂಬು ತಿಕ್ಕಿ, ಥಳಥಳ ಅನ್ನತ್ತೆ, ಅದಕ್ಕೆ ಇನ್ನೂರು ರೂಪಾಯಿ ಕೊಟ್ಟು ಪೌಡರ್ ತರ್ತಾರೆ ನಮ್ಮ ಹುಡುಗೀರು. ಕಬ್ಬಿಣದ ಬಾಣಲೆಯಲ್ಲಿ ಉಪ್ಪು ಹಾಗೇ ಬಿಟ್ಟು ಮಲಗಿದ್ರೋ ಬೆಳಿಗ್ಗೆ ತುಕ್ಕು ನೋಡ್ಕೊಂಡು ಅಳಿ.

ಎಲ್ಲ ನೋವಿಗೂ ಶಾಖ ಅಲ್ಲ ಮತ್ತೆ. ಈಗಷ್ಟೇ ಉಳುಕಿ ಊದಿರೋದಕ್ಕೆ ಎರಡು ದಿನ ಐಸು, ಬಟ್ಟೆಯಲ್ಲಿ ಸುತ್ತಿ. ಕೆಂಪಗಾಗಿ ಮುಟ್ಟಿದ್ರೆ ಬಿಸಿ ಅನ್ನೋ ಮಂಡಿಗೆ ಶಾಖ ಬೇಡ. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಇರೋರಿಗಂತೂ ಬೇಡವೇ ಬೇಡ, ಅವರಿಗೆ ಸುಟ್ರೂ ಗೊತ್ತಾಗಲ್ಲ. ನಮ್ಮಜ್ಜಿ ಎಕ್ಕದೆಲೆಗೆ ಹರಳೆಣ್ಣೆ ಸವರಿ ಬಿಸಿ ಮಾಡಿ ಕಟ್ಟೋರು, ಚೆನ್ನಾಗೇ ಇತ್ತು, ಆದ್ರೆ ಎಕ್ಕದ ಹಾಲು ಕಣ್ಣಿಗೆ ಬಿದ್ರೆ ಕಷ್ಟ, ಚಿಕ್ಕ ಮಕ್ಕಳಿರೋ ಮನೆ ಅಂತ ನಾನು ಬಿಟ್ಬಿಟ್ಟೆ.

ನನಗೆ ಬೊಬ್ಬೆಗಿಂತ ಸಿಟ್ಟು ಬಂದಿದ್ದು ಯಾವುದಕ್ಕೆ ಅಂದ್ರೆ, ಶಾಖ ತಗೊಂಡು ಏನ್ಮಾಡ್ದೆ ಅಂದ್ರೆ "ಮಲಗಿ ರೀಲ್ಸ್ ನೋಡ್ದೆ" ಅಂತಾಳೆ. ಅಯ್ಯೋ ರಾಮ. ಶಾಖದಿಂದ ಮಂಡಿ ವಾಸಿಯಾಗಲ್ಲಮ್ಮ, ಬಿಗಿ ಬಿಡತ್ತೆ ಅಷ್ಟೇ, ಬಿಟ್ಟಿರೋ ಹೊತ್ತಲ್ಲೇ ವ್ಯಾಯಾಮ ಮಾಡ್ಬೇಕು, ಅದಕ್ಕೇ ಶಾಖ ಕೊಡೋದು. ಕಾಲು ಚಾಚಿ ಕೂತು ಮಂಡಿ ಕೆಳಗೆ ಟವೆಲ್ ಸುರುಳಿ ಇಟ್ಟು, ಅದನ್ನ ಮಂಡಿಯಿಂದ ನೆಲಕ್ಕೆ ಒತ್ತಿ, ಹಿಡಿದು ಹತ್ತು ಎಣಿಸಿ ಬಿಡಿ. ಮುಂದೊಡೆ ಕಲ್ಲಾಗ್ಬೇಕು, ಕೈಯಿಟ್ಟು ನೋಡ್ಕೊಳ್ಳಿ, ಆಗಿಲ್ಲ ಅಂದ್ರೆ ನೀವು ಸುಮ್ನೆ ಕೂತಿದೀರಿ ಅಂತ. ಉಸಿರು ಕಟ್ಬೇಡಿ, ಬಾಯಿಬಿಟ್ಟು ಎಣಿಸಿದ್ರೆ ಉಸಿರು ತಾನಾಗೇ ಆಡತ್ತೆ. ಹೀಗೆ ಒಂದು ಹತ್ತು ಸಲ. ಆಮೇಲೆ ಮಲಗಿ ಒಂದು ಕಾಲು ಮಡಚಿ ಇನ್ನೊಂದನ್ನ ನೆಟ್ಟಗೆ ಒಂದು ಗೇಣಿಗಿಂತ ಸ್ವಲ್ಪ ಮೇಲೆ ಎತ್ತಿ ನಿಲ್ಸೋದು. ತೊಡೆಯಲ್ಲಿ ಶಕ್ತಿ ಇಲ್ಲದಿದ್ರೆ ಭಾರವೆಲ್ಲ ಕೀಲಿನ ಮೇಲೇ ಬೀಳತ್ತೆ. ಫಿಸಿಯೋಥೆರಪಿಯವ್ರು ನನಗೆ ಇನ್ನೊಂದು ಹೇಳಿದ್ರು, ಮೈತೂಕ ಒಂದು ಕಿಲೋ ಇಳಿದ್ರೆ ಪ್ರತಿ ಹೆಜ್ಜೆಗೂ ಮಂಡಿ ಮೇಲಿನ ಭಾರ ನಾಲ್ಕು ಕಿಲೋ ಇಳಿಯತ್ತಂತೆ. ಅವತ್ತಿಂದ ರಾತ್ರಿ ಎರಡನೇ ಸಲ ಅನ್ನ ಬಡಿಸ್ಕೊಳೋಕೆ ಕೈ ಹೋಗಲ್ಲ. ಮೆಟ್ಟಿಲು ಹತ್ತುವಾಗ ಒಳ್ಳೇ ಕಾಲು ಮೊದ್ಲು, ಇಳಿಯುವಾಗ ನೋವಿನ ಕಾಲು ಮೊದ್ಲು, ಇದನ್ನ ಮರೀಬೇಡಿ.

ಹಿಮ್ಮಡಿ ನೋವಿನದ್ದೂ ಎಲ್ಲರ ಮನೇಲೂ ಇದೆ ಈಗ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ರೆ ಮೊಳೆ ಚುಚ್ಚಿದ ಹಾಗೆ, ನಾಲ್ಕು ಹೆಜ್ಜೆಗೆ ಸ್ವಲ್ಪ ಕಮ್ಮಿ. ಎದ್ದ ತಕ್ಷಣ ಧಡಕ್ಕನೆ ನೆಲಕ್ಕಿಳೀಬೇಡಿ. ಹಾಸಿಗೆ ಮೇಲೇ ಟವೆಲನ್ನ ಅಂಗಾಲಿನ ಮುಂಭಾಗಕ್ಕೆ ಹಾಕಿ ನಿಮ್ಮ ಕಡೆ ಎಳೆದು ಮೂವತ್ತು ಎಣಿಸಿ, ಮೂರು ಸಲ, ಆಮೇಲೆ ಇಳೀರಿ. ಸಾಯಂಕಾಲ ಫ್ರೀಜರಲ್ಲಿಟ್ಟ ನೀರಿನ ಬಾಟಲಿ ಮೇಲೆ ಕಾಲು ಉರುಳಿಸಿ. ಲಟ್ಟಣಿಗೆ ತಗೋಬೇಡಿ, ಚಪಾತಿ ಒತ್ತೋದು ಅದರಲ್ಲೇ ಅಲ್ವಾ! ಮನೆಯೊಳಗೆ ಚಪ್ಪಲಿ ಹಾಕಿದ್ರೆ ನಮ್ಮತ್ತೆ ಸುಮ್ನಿರ್ತಿರ್ಲಿಲ್ಲ, ಆಗಿನ ಗಾರೆ ನೆಲ ಬೇರೆ, ಈ ಟೈಲ್ಸು ಗ್ರಾನೈಟು ಬೇರೆ, ಮೆತ್ತನೆ ಚಪ್ಪಲಿ ಒಂದು ಮನೆಯೊಳಕ್ಕೆ ಅಂತಲೇ ಇಟ್ಕೊಳ್ಳಿ. ದೇವರ ಮನೆ ಹೊಸ್ತಿಲಲ್ಲಿ ಬಿಟ್ರಾಯ್ತು.

ಜ್ವರ ಬಂದು ಮಂಡಿ ಊದಿದ್ರೆ, ಕಾಲೂರೋಕೇ ಆಗದಿದ್ರೆ, ಒಂದೇ ಮೀನಖಂಡ ಊದಿ ಕೆಂಪಾದ್ರೆ, ಸೊಂಟ ನೋವಿನ ಜೊತೆ ಕಾಲು ಸ್ವಾಧೀನ ತಪ್ಪೋದೋ ಮೂತ್ರ ಕಟ್ಟೋದೋ ಗೊತ್ತಾಗದೆ ಹೋಗೋದೋ ಆದ್ರೆ ಉಪ್ಪು ಬಾಣಲೆ ಅಂತ ಕೂರದೆ ಅವತ್ತೇ ಡಾಕ್ಟರ ಹತ್ರ ಹೋಗಿ.

ನಮ್ಮ ಹುಡುಗಿಗೆ ಬೊಬ್ಬೆ ಪೂರ್ತಿ ಒಣಗೋವರೆಗೂ ಶಾಖದ ಹೆಸರೆತ್ತಬೇಡ, ಟವೆಲ್ ಒತ್ತೋದು ಮಾತ್ರ ಮಾಡು ಅಂದಿದೀನಿ. ನಮ್ಮನೆಯವ್ರ ಹಳೇ ಪಂಚೆ ಒಂದಿತ್ತು, ಎರಡು ಚೌಕ ಕತ್ತರಿಸಿ ಒಂದು ಕಿಲೋ ಕಲ್ಲುಪ್ಪಿನ ಜೊತೆ ನಿನ್ನೆ ಕೊರಿಯರ್ ಮಾಡ್ದೆ. "ಉಪ್ಪು ಇಲ್ಲೂ ಸಿಗತ್ತೆ ದೊಡ್ಡತ್ತೆ" ಅಂದ್ಲು. ಸಿಗತ್ತೆ, ಗೊತ್ತು, ತರೋದು ಪುಡಿ ಉಪ್ಪೇ ಅನ್ನೋದೂ ಗೊತ್ತು.