ಸರ್ವರ್ ಕಿತ್ತುಹಾಕಿದ ಮೇಲೆ ಓಡಿದ ಜೀನೋಮ್ ಬ್ರೌಸರ್

"60 ಜಿಬಿ ಬ್ಯಾಮ್ ಫೈಲು ವೆಬ್ ಪುಟದಲ್ಲಿ ತೆರೆಯುತ್ತಾ? ಹುಚ್ಚೇನ್ರೀ ನಿಮಗೆ?" ಅಂತ ನಕ್ಕವರೇ ಈಗ ನನ್ನ ಜೀನೋಮ್ ಬ್ರೌಸರಿನ, ಅಂದರೆ ಡಿಎನ್‌ಎ ಮಾಹಿತಿಯನ್ನು ಚಿತ್ರವಾಗಿ ತೋರಿಸುವ ಪುಟದ, ಲಿಂಕ್ ಕೇಳುತ್ತಿದ್ದಾರೆ. ಬ್ಯಾಮ್ ಅಂದರೆ ಡಿಎನ್‌ಎ ಓದುವ ಯಂತ್ರ ಕೊಟ್ಟ ತುಣುಕುಗಳನ್ನು (ಇವೇ ರೀಡ್‌ಗಳು) ಜೀನೋಮಿನಲ್ಲಿ ಅವುಗಳ ಜಾಗಕ್ಕೆ ಹೊಂದಿಸಿಟ್ಟ ಫೈಲು. ಅದಕ್ಕೇ ಬರೆದುಬಿಡೋಣ ಅನ್ನಿಸಿತು.

ಮೊದಲು ನಾನೂ ಡಿ3 (ವೆಬ್ ಪುಟದಲ್ಲಿ ಚಿತ್ರ ಬಿಡಿಸುವ ಜಾವಾಸ್ಕ್ರಿಪ್ಟ್ ಲೈಬ್ರರಿ) ಹಿಡಿದು ಕೂತವನೇ. ರೀಡ್‌ಗಳನ್ನೆಲ್ಲ ಜೇಸನ್ (ಪಠ್ಯ ರೂಪದ ಡೇಟಾ) ಮಾಡಿ ಎಸ್‌ವಿಜಿ ಚಿತ್ರವಾಗಿ ಬಿಡಿಸಿದೆ. ಐದಾರು ಸಾವಿರ ದಾಟುತ್ತಲೇ ಟ್ಯಾಬ್ ಗರ ಬಡಿದ ಹಾಗೆ ನಿಂತಿತು. ಆಮೇಲೆ ಸರ್ವರಿನಲ್ಲೇ ಚಿತ್ರ ಮಾಡಿ ಕಳಿಸುವ ಪ್ರೋಗ್ರಾಂ ಬರೆದೆ. ಚೆನ್ನಾಗಿಯೇ ಇತ್ತು, ತಿಂಗಳ ಬಿಲ್ ಬರುವ ತನಕ! ನೋಡುವವರು ನಾಲ್ಕು ಜನ, ಅದೂ ಹಗಲು ಹೊತ್ತು. ಮಷೀನ್ ಮಾತ್ರ ಇಪ್ಪತ್ನಾಲ್ಕು ಗಂಟೆ ದುಡ್ಡು ತಿನ್ನುತ್ತಿತ್ತು.

ಕೊನೆಗೆ ಸರ್ವರನ್ನೇ ಕಿತ್ತುಹಾಕಿದೆ. ಬ್ಯಾಮನ್ನೂ, ಅದರಲ್ಲಿ ಯಾವ ಭಾಗ ಎಲ್ಲಿದೆ ಎಂದು ಹೇಳುವ ಇಂಡೆಕ್ಸನ್ನೂ ಕ್ಲೌಡ್ ಸ್ಟೋರೇಜಿನಲ್ಲಿ ಬರೀ ಫೈಲುಗಳಾಗಿ ಇಟ್ಟು, ಪುಟದಲ್ಲಿ ಐಜಿವಿ ಡಾಟ್ ಜೆಎಸ್ (ಬ್ರೌಸರಿನೊಳಗೇ ಜೀನೋಮ್ ತೋರಿಸುವ ಜಾವಾಸ್ಕ್ರಿಪ್ಟ್ ಪ್ರೋಗ್ರಾಂ) ಕೂರಿಸಿದೆ. ಇಂಡೆಕ್ಸ್ ಎಂಟೊಂಬತ್ತು ಎಂಬಿ ಇರಬಹುದು, ಒಮ್ಮೆ ಇಳಿದರೆ ಮುಗಿಯಿತು. ಆಮೇಲೆ ಬೇಕಾದ ತುಣುಕಷ್ಟೇ ರೇಂಜ್ ರಿಕ್ವೆಸ್ಟಿನಲ್ಲಿ, ಅಂದರೆ "ಫೈಲಿನ ಇಷ್ಟು ಭಾಗ ಮಾತ್ರ ಕೊಡು" ಎಂಬ ಕೋರಿಕೆಯಲ್ಲಿ, ಬರುತ್ತದೆ.

ಹೇಳಲು ಸಲೀಸು, ಮೂರು ವಾರ ಹೆಣಗಿದ್ದೇನೆ. ಸಿಓಆರ್‌ಎಸ್ (ಬೇರೆ ತಾಣದ ಪುಟ ಫೈಲು ಓದಲು ಬೇಕಾದ) ಅನುಮತಿ ಕೊಟ್ಟಿದ್ದೆ, ಅದರಲ್ಲಿ ರೇಂಜ್ ಹೆಡರ್ ಸೇರಿಸಲು ಮರೆತಿದ್ದೆ. ಅದು ಸರಿಹೋಯಿತು ಅನ್ನುವಷ್ಟರಲ್ಲಿ, ನಡುವಿನ ಗೇಟ್‌ವೇ ಎಲ್ಲವನ್ನೂ ಜಿಜಿಪ್ ಮಾಡಿ ಕುಗ್ಗಿಸುತ್ತಿದ್ದದ್ದು ಗೊತ್ತಾಯಿತು. 206 (ಕೇಳಿದ ಭಾಗ ಮಾತ್ರ) ಎಂಬ ಉತ್ತರ ಬರಬೇಕಾದಲ್ಲಿ 200 (ಪೂರ್ತಿ ಫೈಲು) ಬಂದು ಇಡೀ ಫೈಲೇ ಸುರಿಯತೊಡಗಿತ್ತು. ಎಲ್ಲಕ್ಕಿಂತ ಕಾಡಿದ್ದು ಖಾಲಿ ಪರದೆ. ಎರರ್ ಇಲ್ಲ, ರೀಡೂ ಇಲ್ಲ. ನೋಡಿದರೆ ರೆಫರೆನ್ಸಿನಲ್ಲಿ (ಹೋಲಿಕೆಗೆ ಇಟ್ಟುಕೊಳ್ಳುವ ಮಾದರಿ ಜೀನೋಮಿನಲ್ಲಿ) ಕ್ರೋಮೋಸೋಮಿನ ಹೆಸರು ಎನ್‌ಸಿಬಿಐ ಡೇಟಾಬೇಸಿನ ಅಕ್ಸೆಶನ್ ನಂಬರು, ಬ್ಯಾಮಿನಲ್ಲಿ ಸಿಎಚ್‌ಆರ್1! ಎರಡೂ ಹೆಸರು ಒಂದೇ ಎಂದು ಹೇಳುವ ಏಲಿಯಾಸ್ ಫೈಲ್ ಕೊಟ್ಟ ಮೇಲೆ ಬಾಯಿ ಬಿಟ್ಟಿತು. ವಿಸಿಎಫನ್ನು (ಡಿಎನ್‌ಎ ವ್ಯತ್ಯಾಸಗಳ ಪಟ್ಟಿಯ ಫೈಲನ್ನು) ತುಂಡುತುಂಡಾಗಿ ಕುಗ್ಗಿಸುವ ಬಿಜಿಜಿಪ್ ಬದಲು ಮಾಮೂಲಿ ಜಿಜಿಪ್ ಮಾಡಿ, ಇಂಡೆಕ್ಸ್ ಮಾಡುವ ಟ್ಯಾಬಿಕ್ಸ್‌ನಿಂದ ಬೈಸಿಕೊಂಡದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದು ಎಲ್ಲರಿಗೂ ಆಗುವುದೇ.

ನಡುವೆ ಬ್ಯಾಮನ್ನೇ ಇನ್ನಷ್ಟು ಕುಗ್ಗಿಸಿಡುವ ಕ್ರ್ಯಾಮ್ ಕಡೆಗೂ ಹೋಗಿಬಂದೆ. ಜಾಗ ಹತ್ತಿರ ಹತ್ತಿರ ಅರ್ಧ ಉಳಿಯಿತು, ಆದರೆ ಹಳೆಯ ಲ್ಯಾಪ್‌ಟಾಪುಗಳು ಅದನ್ನು ಬಿಚ್ಚುವಷ್ಟರಲ್ಲಿ ಏದುಸಿರು ಬಿಟ್ಟವು. ಗೆದ್ದದ್ದು ಬಿಗ್‌ವಿಗ್, ಅಂದರೆ ಜೀನೋಮಿನ ಜಾಗಜಾಗದ ಅಂಕಿಗಳನ್ನು ಇಡುವ ಫೈಲು. ಅದರೊಳಗೇ ಜೂಮ್ ಮಟ್ಟಗಳು ಮೊದಲೇ ಲೆಕ್ಕ ಹಾಕಿ ಇಟ್ಟಿರುವುದರಿಂದ ಇಡೀ ಕ್ರೋಮೋಸೋಮಿನ ಕವರೇಜ್ (ಎಲ್ಲೆಲ್ಲಿ ಎಷ್ಟು ರೀಡ್ ಬಿದ್ದಿವೆ ಎಂಬ ಲೆಕ್ಕ) ಕಣ್ಣು ಮುಚ್ಚಿ ತೆರೆಯುವುದರೊಳಗೆ ಬರುತ್ತದೆ. ರೀಡ್ ರಾಶಿ ಬಿದ್ದಿರುವ ಜಾಗಗಳಲ್ಲಿ ಬ್ರೌಸರ್ ಮಲಗದ ಹಾಗೆ ಮಾಡಿದ ಉಪಾಯ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಬಿಲ್ ಹತ್ತನೇ ಒಂದು ಪಾಲಿಗೆ ಇಳಿಯಿತು. ಒಂದು ತಿಂಗಳು ಬಿಟ್ಟು. ಆಗ ಯಾರೋ ಪುಣ್ಯಾತ್ಮರು ನೇರ ಲಿಂಕ್ ಹಿಡಿದು ಬ್ಯಾಮ್‌ಗಳನ್ನೆಲ್ಲ ಪೂರ್ತಿ ಇಳಿಸಿಕೊಂಡಿದ್ದರು, ಡೇಟಾ ಹೊರಹೋದ ಬಾಡಿಗೆ ನನ್ನ ತಲೆಗೆ ಬಂತು. ಈಗ ಒಂದೊಂದು ಲಿಂಕಿಗೂ ಒಂದೇ ಗಂಟೆ ಆಯುಸ್ಸು.