ಹಳೆಯ ಯೆಜ್ಡಿಗೆ ಹಣ ಹಾಕುವ ಮುನ್ನ

ಕೊಡಗಿನ ತೋಟದ ಮನೆಯ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ನಿಂತಿರುವ ಯೆಜ್ಡಿ ಮೋಟಾರ್‌ಸೈಕಲನ್ನು ದುರಸ್ತಿ ಮಾಡಿಸುವ ಮುನ್ನ ಅದರ ಎಂಜಿನ್ ಮತ್ತು ಚಾಸಿ ಸಂಖ್ಯೆಗಳು ಆರ್‌ಸಿಯೊಂದಿಗೆ ಹೊಂದುತ್ತವೆಯೇ ಎಂದು ನೋಡಿರಿ. ಹೊಂದದಿದ್ದರೆ ಕೈಬಿಡುವುದೇ ಒಳಿತು. ಇಲ್ಲಿನ ಮಳೆಗಾಲದ ತೇವಕ್ಕೆ ಟ್ಯಾಂಕಿನ ಒಳಮೈ ತುಕ್ಕು ಹಿಡಿದಿರಬಹುದು.

ಆದರೆ ಖರ್ಚನ್ನು ನಿರ್ಧರಿಸುವುದು ಎಂಜಿನ್. ಪಿಸ್ಟನ್ ಸಿಕ್ಕಿಕೊಂಡಿದ್ದರೆ ಕಿಕ್ಕರನ್ನು ಬಲವಂತವಾಗಿ ಒತ್ತದೆ, ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ರಂಧ್ರದಿಂದ ಸಿಲಿಂಡರಿನೊಳಗೆ ಎಣ್ಣೆ ಹಾಕಿ ಕೆಲವು ದಿನ ಕಾಯಿರಿ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲ್ ಮಿಶ್ರಣವು ಕ್ರ್ಯಾಂಕ್‌ಕೇಸಿನ (ಎಂಜಿನ್ನಿನ ಕೆಳಗಿನ ಕೋಶದ) ಮೂಲಕವೇ ಸಾಗುವುದರಿಂದ, ಒಣಗಿ ಬಿರುಸಾದ ಕ್ರ್ಯಾಂಕ್ ಸೀಲಿನ ಸಂದಿನಿಂದ ಹೊರಗಿನ ಗಾಳಿ ನುಗ್ಗಿ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ತಗ್ಗುತ್ತದೆ; ಇದರಿಂದ ಹೊಸದಾಗಿ ಬೋರ್ ಮಾಡಿಸಿದ (ಒಳಮೈ ಕೊರೆಸಿ ಸರಿಪಡಿಸಿದ) ಸಿಲಿಂಡರ್ ಕೂಡ ಅತಿಯಾಗಿ ಕಾದು ಹಾಳಾಗಬಲ್ಲದು. ಆದ್ದರಿಂದ ಸೀಲು, ಬೇರಿಂಗು, ಬೋರಿಂಗುಗಳ ವೆಚ್ಚವನ್ನು ಮೊದಲು ವಿಚಾರಿಸಿ, ಬಣ್ಣವನ್ನು ಮುಂದಿನ ವರ್ಷಕ್ಕೆ ಬಿಡಿರಿ. ಈ ಗಾಡಿಗಳನ್ನು ತಯಾರಿಸುತ್ತಿದ್ದ ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿದೆಯಾದ್ದರಿಂದ, ಮೂಲ ಬಿಡಿಭಾಗಗಳು ಕಳೆದುಹೋಗಿರುವ ಗಾಡಿಗಿಂತ ತುಕ್ಕು ಹಿಡಿದಿದ್ದರೂ ಪೂರ್ಣವಾಗಿರುವ ಗಾಡಿಯೇ ಮೇಲು.